ಹನ್ನೆರಡು ಜನ, ಹದಿನಾಲ್ಕು ದಿನ

1/5
ಫೋಟೋ: ಅಜ್ಜಿ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ. ಪಕ್ಕದಲ್ಲಿ ಪುಟ್ಟಣ್ಣನ ಲ್ಯಾಪ್‌ಟಾಪ್.

"ಒಂದು ಗೇಮ್ ಮಾಡೋಕೆ ಎಷ್ಟು ಖರ್ಚಾಗುತ್ತೆ?" ಅಂತ ಹೋದ ಪೋಸ್ಟ್‌ಗೆ ತುಂಬಾ ಜನ ಕೇಳಿದ್ರಿ. ಬಿಕಾಂ ಓದೋಳು ನಾನು, ಲೆಕ್ಕ ಕೇಳಿದ್ರೆ ಸುಮ್ನೆ ಇರೋಕಾಗುತ್ತಾ?

ಹೊಸದಾಗಿ ಬಂದೋರಿಗೆ ಎರಡು ಮಾತು. ಪುಟ್ಟಣ್ಣ ಅಂದ್ರೆ ನಮ್ಮ ದೊಡ್ಡಮ್ಮನ ಮಗ. ಹಗಲು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ರಾತ್ರಿ ಬೆಳ್ಳಾವಿಯ ನಮ್ಮ ನಡುಮನೆಯಲ್ಲಿ ಗೇಮ್ ಕೆಲಸ. ಅವನು ಮಾಡಿರೋದು ಚೌಕಾಬಾರ, ಫೋನಲ್ಲಿ ಆಡೋ ಹಾಗೆ. ಕೋಡ್ ಅವನದು, ಚಿತ್ರ ಅವನದು. ಲೆಕ್ಕದ ಪುಸ್ತಕ ಮತ್ತು ಆಟಗಾರರ ವಾಟ್ಸಾಪ್ ಗ್ರೂಪ್ ನನ್ನದು.

ಈಗ ಖರ್ಚು. ಗೇಮ್ ಕಟ್ಟೋ ಸಾಫ್ಟ್‌ವೇರ್ ಗೋಡೋ, ಪೂರ್ತಿ ಉಚಿತ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಕಂಪ್ಯೂಟರ್ ಆಟ ಆಗಿ ಸ್ಟೀಮ್‌ನಲ್ಲಿ ಹಾಕೋದಾದ್ರೆ ಒಂದೊಂದು ಗೇಮ್‌ಗೂ 100 ಡಾಲರ್. ಅದಕ್ಕೆ ನಾವು ಕೈ ಹಾಕಿಲ್ಲ. ಕವಡೆ ಸದ್ದು ಅಜ್ಜಿಯ ಕವಡೆಯದೇ, ಫೋನಲ್ಲಿ ರೆಕಾರ್ಡ್ ಮಾಡಿದ್ದು. ಖರ್ಚು ಸೊನ್ನೆ.

ಇಷ್ಟೇನಾ ಅಂದ್ರೆ, ದುಡ್ಡಿನ ಖರ್ಚು ಶುರುವಿಗೆ ಇಷ್ಟೇ. ಕಷ್ಟ ಇರೋದು ಜನರ ಖಾತೆಯಲ್ಲಿ.

2/5
ಫೋಟೋ: ನನ್ನ ನೋಟ್‌ಬುಕ್. 17 ಹೆಸರು, ಮುಂದೆ ಟಿಕ್ ಗುರುತು. ಹೆಸರು ಬ್ಲರ್ ಮಾಡಿದೀನಿ.

2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಪ್ಲೇ ಸ್ಟೋರ್‌ನಲ್ಲಿ ಒಂದು ನಿಯಮ ಇದೆ. ಆ್ಯಪ್ ಎಲ್ಲರಿಗೂ ಕಾಣೋ ಮುಂಚೆ ಒಂದಷ್ಟು ಜನ ಸತತ 14 ದಿನ ಪರೀಕ್ಷೆಗೆ ಸೇರಿಕೊಂಡಿರಬೇಕು. ಮೊದಲು 20 ಜನ ಅಂತಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಕಳಪೆ ಆ್ಯಪ್‌ಗಳ ಕಾಟ ತಪ್ಪಿಸೋಕೆ ಇಂಥ ಜರಡಿ ಬೇಕು ಅನ್ನೋದೂ ಸರಿನೇ.

ಬೆಂಗಳೂರು ನಮಗೆ ತೀರಾ ದೂರವೇನಲ್ಲ. ಅಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಅಂತ ಗೇಮ್ ಕಂಪನಿ ಶುರುವಾಗಿತ್ತು, 2019ರಲ್ಲಿ ಅದನ್ನ ರಾಕ್‌ಸ್ಟಾರ್ ಕೊಂಡುಕೊಳ್ತು. ದೊಡ್ಡ ಕಂಪನಿಗಳಲ್ಲಿ ಆಟ ಆಡಿ ತಪ್ಪು ಹುಡುಕೋಕೇ ಸಂಬಳದ ಜನ ಇರ್ತಾರೆ. ನಮ್ಮ ಹತ್ರ ಯಾರಿದ್ರು? ನನ್ನ ಕ್ಲಾಸಿನ ಆರು ಜನ, ಪುಟ್ಟಣ್ಣನ ಶಿಫ್ಟಿನ ನಾಲ್ಕು ಜನ, ಇಬ್ಬರು ಚಿಕ್ಕಪ್ಪಂದಿರು, ಸಂತೇಲಿ ಬಳೆ ಅಂಗಡಿ ಹಾಕೋ ಅಕ್ಕ, ಅವರ ಮಕ್ಕಳು.

12 ಸಾಕಿದ್ರೂ 17 ಜನರನ್ನ ಸೇರಿಸಿದೆ. ವಸೂಲಾಗದ ಸಾಲಕ್ಕೆ ಮುಂಚೆನೇ ಪ್ರಾವಿಷನ್ ಎತ್ತಿಡ್ತೀವಲ್ಲ, ಹಾಗೆ. ಎಂಟನೇ ದಿನಕ್ಕೆ ಮೂರು ಜನ ಹೊರಗೆ ಹೋದ್ರು. ಒಬ್ಬ ಫೋನ್ ಬದಲಾಯಿಸಿದ, ಒಬ್ಬಳಿಗೆ ಜಾಗ ಸಾಲಲಿಲ್ಲ, ಇನ್ನೊಬ್ಬ "ಬೋರ್ ಕಣೆ" ಅಂದ. ಕೊನೆಗೆ ಉಳಿದದ್ದು 14.

ಆ ಎರಡು ವಾರ ನನಗೆ ಗೊತ್ತಾಗಿದ್ದು ಇದು: ಲೈಕ್ ಕೊಡೋಕೆ ಒಂದು ಸೆಕೆಂಡ್ ಸಾಕು. ದಿನಾ ಹತ್ತು ನಿಮಿಷ ಕೊಡೋದು ಸಾಲ ಕೊಟ್ಟ ಹಾಗೆ. ಕೊಟ್ಟೋರು ಕೇಳಲ್ಲ, ಆದರೆ ನಮಗೆ ನೆನಪಿರಬೇಕು.

3/5
ಫೋಟೋ: ನಾಲ್ಕು ಕವಡೆ. ಮೂರು ಬೋರಲು, ಒಂದು ಅಂಗಾತ.

ಆ್ಯಪ್ ಎಲ್ಲರಿಗೂ ಸಿಕ್ಕಿದ ಮೇಲೆ ಬಂದ ಮೊದಲ ದೊಡ್ಡ ಜಗಳ: "ಚೌಕ ಬೀಳ್ತಾನೇ ಇಲ್ಲ, ಕೋಡಲ್ಲಿ ಮೋಸ ಇದೆ." ಒಂದು ಸ್ಟಾರ್ ಕೊಟ್ಟು ಬರೆದರು.

ಲೆಕ್ಕ ನೋಡಿ. ನಾಲ್ಕು ಕವಡೆ ಎಸೆದ್ರೆ 16 ಥರ ಬೀಳಬಹುದು. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತೆ ಅಂದ್ಕೊಂಡ್ರೆ ಎರಡು ಬೀಳೋ ದಾರಿ 6, ಒಂದಕ್ಕೆ 4, ಮೂರಕ್ಕೆ 4. ಎಲ್ಲಾ ಅಂಗಾತ ಬಿದ್ದು ಚೌಕ ಆಗೋಕೆ 1, ಎಲ್ಲಾ ಬೋರಲು ಬಿದ್ದು ಬಾರ ಆಗೋಕೆ 1. ಅಂದ್ರೆ ಚೌಕ, ಬಾರ ಎರಡೂ ಸೇರಿ ಎಂಟರಲ್ಲಿ ಒಂದು ಸಲ. ಕೋಡಲ್ಲಿ ಇದ್ದದ್ದೂ ಇಷ್ಟೇ.

"ಲೆಕ್ಕ ಸರಿ ಇದೆ, ಪೋಸ್ಟ್ ಮಾಡಿಬಿಡಣ್ಣ" ಅಂದೆ. ಪುಟ್ಟಣ್ಣ ತಲೆ ಆಡಿಸಿದ. "ಅವರ ಮನೆ ಕವಡೆ ಬೀಳೋ ಥರ ಇದು ಬೀಳ್ತಿಲ್ಲ ಅಂತ ಅವರು ಹೇಳ್ತಿರೋದು. ಕವಡೆ ನಾಣ್ಯ ಅಲ್ಲ ಕಣಮ್ಮ, ಒಂದು ಕಡೆ ಗುಂಡಗಿದೆ."

ಮೂರು ಸಂಜೆ ಅಜ್ಜಿ ಕವಡೆ ಎಸೆದರು, ನಾನು ಬರೆದುಕೊಂಡೆ. 500 ಗರ. ನಿಜವಾಗ್ಲೂ ಸಮ ಬೀಳಲಿಲ್ಲ. ಆ ಪುಟಗಳ ಫೋಟೋನ ಹಾಗೇ ಗ್ರೂಪಿಗೆ ಹಾಕಿ, ಆ್ಯಪ್‌ನಲ್ಲಿ "ಅಜ್ಜಿ ಕವಡೆ" ಅಂತ ಒಂದು ಆಯ್ಕೆ ಸೇರಿಸಿದ. ಮೋಸ ಅಂತ ಬರೆದಿದ್ದ ಕುಣಿಗಲ್ ಕಡೆಯ ಹುಡುಗ ತಮ್ಮ ಮನೆಯ ಕವಡೆ ಎಸೆದು 200 ಗರದ ಪಟ್ಟಿ ಕಳಿಸಿದ. ಈಗ ಗ್ರೂಪಲ್ಲಿ ಹೊಸಬರಿಗೆ ಉತ್ತರ ಕೊಡೋದು ಅವನೇ.

4/5
ಫೋಟೋ: ಸೆಟ್ಟಿಂಗ್ಸ್ ಪುಟ, "ನಿಮ್ಮನೆ ನಿಯಮ".

ಮುಂದಿನ ಜಗಳ: ಎದುರಾಳಿ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದಾ? ನಮ್ಮನೇಲಿ ಆಗಲ್ಲ. ಗುಬ್ಬಿ ಕಡೆಯ ಒಬ್ಬರ ಮನೇಲಿ ಆಗುತ್ತೆ. ಕಡಿದ್ರೆ ಇನ್ನೊಂದು ಆಟ ಸಿಗುತ್ತಾ? ಅದಕ್ಕೂ ಎರಡು ಪಕ್ಷ. ಒಬ್ಬೊಬ್ಬರೂ "ಇದೇ ಒರಿಜಿನಲ್" ಅಂತಾರೆ. ಪುಟ್ಟಣ್ಣ ಯಾರ ಪಕ್ಷವನ್ನೂ ಹಿಡೀದೆ ಒಂದೊಂದು ನಿಯಮಕ್ಕೂ ಒಂದು ಸ್ವಿಚ್ ಇಟ್ಟ. ಕೆಲಸ ಮೂರು ಪಟ್ಟಾಯ್ತು, ಯಾಕಂದ್ರೆ ಪ್ರತಿ ಸ್ವಿಚ್ಚನ್ನೂ ಉಳಿದೆಲ್ಲದರ ಜೊತೆ ಪರೀಕ್ಷೆ ಮಾಡಬೇಕು.

ಒಂದು ಬೇಡಿಕೆಗೆ ಮಾತ್ರ ಸ್ವಿಚ್ ಇಲ್ಲ. "ದುಡ್ಡು ಕಟ್ಟಿ ಆಡೋ ಥರ ಮಾಡಿ ಬ್ರೋ, ಜನ ಬರ್ತಾರೆ." 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಅಂಥ ಆನ್‌ಲೈನ್ ಆಟಗಳನ್ನ ನಿಷೇಧಿಸಿದೆ. ಕಾಯ್ದೆ ಬರೋ ಮುಂಚೆನೂ ಅಜ್ಜಿ ಒಪ್ಪಿರಲಿಲ್ಲ. "ಪಗಡೆ ಆಡಿ ಧರ್ಮರಾಯನ ಗತಿ ಏನಾಯ್ತು ಗೊತ್ತಲ್ಲ" ಅಂದರು, ಮುಗೀತು. ಐದಾರು ಜನ ಗ್ರೂಪ್ ಬಿಟ್ಟರು. ಹೋಗಲಿ.

5/5
ಫೋಟೋ: ಲೆಡ್ಜರ್‌ನ ಕೊನೇ ಪುಟ.

ಈಗ ಕೈ ನಡುಗೋ ಲೆಕ್ಕ. ಬೇರೆ ಬೇರೆ ಊರಿಂದ ಒಟ್ಟಿಗೆ ಆಡೋಕೆ ಸರ್ವರ್ ಬೇಕು, ತಿಂಗಳಿಗೆ ₹450. ಎಂಟು ತಿಂಗಳಿಗೆ ₹3,600. ಆದಾಯ? ಮಣೆಯ ಹೊಸ ಡಿಸೈನ್ ₹29, 41 ಜನ ಕೊಂಡರು. ಒಟ್ಟು ₹1,189. ಅದರೊಳಗೆ 18% ಜಿಎಸ್‌ಟಿ, ಉಳಿದದ್ದರಲ್ಲಿ ಅಂಗಡಿಯ ಪಾಲು 15% ಕಳೆದ್ರೆ ಕೈಗೆ ₹850 ಚಿಲ್ಲರೆ.

ಇದರ ಮೇಲೆ ಪುಟ್ಟಣ್ಣನಿಗೆ ಮುಂದಿನ ತಿಂಗಳಿಂದ ನೈಟ್ ಶಿಫ್ಟ್. "ಮುಚ್ಚಿಬಿಡೋ" ಅಂದರು ದೊಡ್ಡಮ್ಮ. ಅವರ ಮಾತಲ್ಲಿ ತಪ್ಪೇನಿಲ್ಲ, ಅವನು ಮಲಗೋದೇ ನಾಲ್ಕು ಗಂಟೆ. ಅಮಾಂಗ್ ಅಸ್ 2018ರಲ್ಲಿ ಬಂದಾಗ ಆಡೋರೇ ಕಡಿಮೆ, ಆ ಚಿಕ್ಕ ತಂಡ ಬಿಡದೆ ಇದ್ದದ್ದಕ್ಕೆ 2020ರಲ್ಲಿ ಲೋಕವೆಲ್ಲ ಆಡ್ತು ಅಂತ ನಾನು ವಾದ ಮಾಡಿದೆ. "ಅದು ಲಾಟರಿ ಹೊಡೆದವರ ಕತೆ, ನಮ್ಮ ಬಾಡಿಗೆಗೆ ಆಗಲ್ಲ" ಅಂದ.

ಆದರೆ ದಿ ಕ್ರೂ ಅನ್ನೋ ಕಾರ್ ರೇಸ್ ಆಟದ ವಿಷಯ ಅವನಿಗೂ ಗೊತ್ತಿತ್ತು. ದುಡ್ಡು ಕೊಟ್ಟು ಕೊಂಡಿದ್ದ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು, ಒಬ್ಬರೇ ಆಡೋಕೂ ಆಗದ ಹಾಗಾಯ್ತು. "ನಮ್ಮದು ಹಾಗಾಗಬಾರದು" ಅಂದ.

ನಮ್ಮ ಪಠ್ಯದಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಇದೆಯಲ್ಲ, ಕ್ಲಾಸ್‌ಮೇಟ್ಸ್? ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನ ಆಸ್ತಿ ಅಂತ ತೋರಿಸೋ ಹಾಗಿಲ್ಲ, ಯಾಕಂದ್ರೆ ಅದು ನಿಮ್ಮ ಹತೋಟಿಯಲ್ಲಿರೋ ವಸ್ತು ಅಲ್ಲ, ಅದರ ಬೆಲೆ ನಂಬೋ ಹಾಗೆ ಅಳೆಯೋಕಾಗಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸಾಲು ಈ ಪುಟದ ಮುಂದೆ ಕೂತಾಗ ಅರ್ಥ ಆಯ್ತು. 200 ಗರ ಎಸೆದು ಬರೆದು ಕಳಿಸಿದ ಹುಡುಗನ್ನ ಯಾವ ಕಾಲಮ್ಮಿಗೆ ಹಾಕ್ಲಿ? ಅವನು ನಮ್ಮ ಆಸ್ತಿ ಅಲ್ಲ. ನಾವು ಅವನಿಗೆ ಬಾಕಿ ಇದೀವಿ.

ಅದಕ್ಕೆ ಲೆಕ್ಕ ಪೂರ್ತಿ ಗ್ರೂಪಿಗೆ ಹಾಕಿ ಹೇಳಿದ್ವಿ: ಸರ್ವರ್ ಇನ್ನು ಮೂರು ತಿಂಗಳು ಮಾತ್ರ. ಅಷ್ಟರೊಳಗೆ ಇಂಟರ್ನೆಟ್ ಇಲ್ಲದೆ ಒಂದೇ ಫೋನ್ ಸುತ್ತ ನಾಲ್ಕು ಜನ ಕೂತು ಆಡೋ ಹಾಗೆ ಆಗುತ್ತೆ, ಎಲ್ಲಾ ಸ್ವಿಚ್‌ಗಳ ಸಮೇತ. ಆಮೇಲೆ ಪುಟ್ಟಣ್ಣನಿಗೆ ರಜೆ ಸಿಕ್ಕಾಗ ಅಪ್‌ಡೇಟ್.

ಹತ್ತೊಂಬತ್ತು ಜನ ಅವತ್ತೇ ಉತ್ತರ ಬರೆದರು. ಒಬ್ಬರೂ ಒಂದು ಸ್ಟಾರ್ ಕೊಡಲಿಲ್ಲ.

ಸ್ವಿಚ್ ಪಟ್ಟಿ ಮುಗಿಸೋಕೆ ನಿಮ್ಮ ಸಹಾಯ ಬೇಕು. ನಿಮ್ಮನೇಲಿ ಕಡಿಯದೆ ಒಳಗೆ ಹೋಗಬಹುದಾ? ಕವಡೇನೋ, ಹುಣಸೆ ಬೀಜನೋ? ಗೊತ್ತಿಲ್ದಿದ್ರೆ ಮನೇಲಿರೋ ಹಿರಿಯರನ್ನ ಕೇಳಿ, ಊರಿನ ಹೆಸರಿನ ಜೊತೆ ಕೆಳಗೆ ಬರೀರಿ.

#ಬೆಳ್ಳಾವಿ #ಚೌಕಾಬಾರ #ನಿಮ್ಮನೆನಿಯಮ #ಬಿಕಾಂಲೆಕ್ಕ