ಪ್ರಸಾದವೂ ಪ್ರಮಾಣವೂ

ನಮ್ಮನ್ನು ಕಾಣಬರುವ ಭಕ್ತರು ಎರಡು ವರ್ಷಗಳಿಂದ ಒಂದೇ ಮಾತನ್ನು ಬಗೆಬಗೆಯಾಗಿ ಕೇಳುತ್ತಿದ್ದಾರೆ. ‘ಅಜ್ಜಾರು ಬಾಳ ಸೊರಗ್ಯಾರಲ್ಲ, ಏನಾತ್ರಿ?’ ಎಂದು ಹಿರಿಯ ತಾಯಂದಿರು ಕಳವಳಪಡುತ್ತಾರೆ. ಪಾದಪೂಜೆಯ ಮನೆಗಳಲ್ಲಿ ಎಡೆ ಮಾಡಿದವರು ಅಡಿಗೆಯಲ್ಲಿ ಏನಾದರೂ ಕೊರತೆಯಾಯಿತೋ ಎಂದು ಅಂಜುತ್ತಾರೆ. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ದೂರದೂರುಗಳಲ್ಲಿ ಉದ್ಯೋಗದಲ್ಲಿರುವ ಕೆಲವರು ಮಾತ್ರ ವಿಷಯ ತಿಳಿದುಕೊಂಡು, ತಾವೂ ಅಂತಹ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದೇ ಎಂದು ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಣುಕಾಗಿ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಹೇಳುವುದು ಲೇಸೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಎರಡು ವರ್ಷಗಳ ಹಿಂದೆ, ನಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡೆವು. ಆಗ ನಮ್ಮ ತೂಕ 118 ಕಿಲೋಗ್ರಾಂ ಇತ್ತು. ಹನ್ನೆರಡು ವರ್ಷಗಳ ಮಧುಮೇಹಕ್ಕೆ ಇನ್ಸುಲಿನ್ ಸೇರಿತ್ತು. ನಿದ್ರೆಯಲ್ಲಿ ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುತ್ತಿತ್ತು. ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ತಟ್ಟಿದ್ದು ಬೇರೊಂದು: ಪದ್ಮಾಸನದಲ್ಲಿ ಕುಳಿತು ಲಿಂಗಪೂಜೆ ಮಾಡುವುದಕ್ಕೆ ಮೊಣಕಾಲುಗಳು ಒಪ್ಪದೆ ಹೋದವು. ಕುರ್ಚಿಯ ಮೇಲೆ ಕುಳಿತು ಮಾಡಿದ ಪೂಜೆಯೂ ಪೂಜೆಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಐವತ್ತರ ಆಸುಪಾಸಿನಲ್ಲೇ ಕಾಯವು ಪೂಜೆಗೆ ಒದಗದಷ್ಟು ಭಾರವಾದಾಗ ಅದಕ್ಕೊಂದು ಮದ್ದನ್ನು ಹುಡುಕುವುದು ಧರ್ಮವೇ ಆಗುತ್ತದೆ.

ಸ್ಥೂಲಕಾಯವನ್ನು ನಮ್ಮ ಜನ ಬಹುಕಾಲ ಸುಖದ ಲಕ್ಷಣವೆಂದೇ ಎಣಿಸಿದರು. ಇಂದು ಅದು ರೋಗವೆಂದು ವೈದ್ಯಶಾಸ್ತ್ರ ನಿರ್ಧರಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 24 ಮಹಿಳೆಯರೂ ಸುಮಾರು 23 ಪುರುಷರೂ ಮಿತಿಮೀರಿದ ತೂಕದವರು. ಇದನ್ನು ಅಳೆಯಲು ವೈದ್ಯರು ಒಂದು ಲೆಕ್ಕವನ್ನು ಬಳಸುತ್ತಾರೆ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕವೆಂದು ಹೆಸರು. ನಮ್ಮದು ಆಗ ಸುಮಾರು 42 ಇತ್ತು. 1991ರಲ್ಲಿ ಅಮೆರಿಕದ ತಜ್ಞರು ಹಾಕಿದ ಮಿತಿಯಂತೆ ಈ ಸಂಖ್ಯೆ 40 ದಾಟಿದವರಿಗೆ, ಇಲ್ಲವೆ 35 ದಾಟಿ ಮಧುಮೇಹದಂತಹ ರೋಗವೂ ಇದ್ದವರಿಗೆ ಮಾತ್ರ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಿದ್ದರು. 2022ರಲ್ಲಿ ಈ ಮಿತಿಯನ್ನು ಸಡಿಲಿಸಿ, ಏಷ್ಯಾದ ಜನರಿಗೆ ಕಡಿಮೆ ತೂಕದಲ್ಲೇ ರೋಗಗಳು ತಗಲುವುದರಿಂದ ಅವರಲ್ಲಿ 27.5 ದಾಟಿದವರ ವಿಷಯದಲ್ಲಿಯೂ ಆಲೋಚಿಸಬಹುದೆಂದು ಹೇಳಿದ್ದಾರೆ. ಅಂದಮಾತ್ರಕ್ಕೆ ಆ ಸಂಖ್ಯೆ ದಾಟಿದವರೆಲ್ಲರೂ ಶಸ್ತ್ರವೈದ್ಯರ ಬಾಗಿಲಿಗೆ ಹೋಗಬೇಕೆಂದಲ್ಲ. ಆಹಾರ, ವ್ಯಾಯಾಮ, ಔಷಧಗಳಿಂದ ಗುಣ ಕಂಡವರಿಗೆ ಅದೇ ಸಾಕು.

ನಾವು ಈ ನಿರ್ಧಾರಕ್ಕೆ ಬಂದಾಗ ಎರಡು ಆಕ್ಷೇಪಗಳು ಕೇಳಿಬಂದವು. ಶಿವನು ಕೊಟ್ಟ ಅಂಗವನ್ನು ಕತ್ತರಿಸಬಹುದೇ ಎಂಬುದು ಮೊದಲನೆಯದು. ಕಣ್ಣಿನ ಪೊರೆಯನ್ನು ತೆಗೆಸಿಕೊಂಡವರನ್ನು, ಕೆಟ್ಟ ಹಲ್ಲನ್ನು ಕೀಳಿಸಿಕೊಂಡವರನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಶರಣಧರ್ಮವು ಕಾಯವನ್ನು ಹಳಿದ ಧರ್ಮವಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿ, ಕಾಯಕಕ್ಕೆ ಕಾಯವನ್ನೇ ಆಧಾರವಾಗಿಟ್ಟುಕೊಂಡ ಧರ್ಮ. ಲಿಂಗದ ನೆಲೆಯಾದ ಅಂಗವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಅದಕ್ಕೆ ವಿರೋಧವಾಗಲಾರದು.

ಎರಡನೆಯ ಆಕ್ಷೇಪ, ಇದು ಸಂಯಮವಿಲ್ಲದವರು ಹಿಡಿಯುವ ಸುಲಭದ ದಾರಿ ಎಂಬುದು. ಇದಕ್ಕೆ ಉತ್ತರ ದೇಹದ ರಚನೆಯಲ್ಲಿಯೇ ಇದೆ. ತೂಕ ಇಳಿಯತೊಡಗಿದೊಡನೆ ದೇಹವು ಬರಗಾಲ ಬಂದಿತೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವೆಚ್ಚವನ್ನು ತಗ್ಗಿಸುತ್ತದೆ. ಆದಕಾರಣ ಬಹಳ ಪ್ರಯಾಸದಿಂದ ಇಳಿಸಿದ ತೂಕ ಬಹುಮಂದಿಯಲ್ಲಿ ಮರಳಿ ಬರುತ್ತದೆ. ನಮಗೆ ಮಾಡಿದ ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕು ತೆಗೆದು, ಉಳಿದುದನ್ನು ಬಾಳೆಯಕಾಯಿಯಂತೆ ಕಿರಿದಾದ ಕೊಳವೆಯಾಗಿ ಹೊಲಿಯುತ್ತಾರೆ. ಹಸಿವನ್ನು ಕೆರಳಿಸುವ ‘ಗ್ರೆಲಿನ್’ ಎಂಬ ರಸ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲಿಯೇ. ‘ಬೈಪಾಸ್’ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವನ್ನು ಮಾಡಿ, ಕರುಳಿನ ಮೊದಲ ಭಾಗವನ್ನು ಬಳಸಿ ಮುಂದಕ್ಕೆ ಜೋಡಿಸುತ್ತಾರೆ. ಎದೆಯುರಿ, ಹುಳಿತೇಗು ಬಹಳವಿದ್ದವರಿಗೆ ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು 1960ರ ದಶಕದಲ್ಲಿ ಬೈಪಾಸಿಗೆ ದಾರಿ ತೆರೆದರು. ಸ್ವೀಡನ್ ದೇಶದಲ್ಲಿ 1987ರಲ್ಲಿ ತೊಡಗಿದ ದೀರ್ಘ ಅಧ್ಯಯನವು, ಇಂತಹ ಚಿಕಿತ್ಸೆ ಪಡೆದ ಸ್ಥೂಲಕಾಯರಲ್ಲಿ ಮರಣದ ಪ್ರಮಾಣ ಪಡೆಯದವರಿಗಿಂತ ಕಡಿಮೆಯೆಂದು 2007ರಲ್ಲಿ ತೋರಿಸಿಕೊಟ್ಟಿತು.

ಇನ್ನು ಸಿದ್ಧತೆಯ ಮಾತು. ಶಸ್ತ್ರಚಿಕಿತ್ಸೆ ನಡೆದದ್ದು ಎರಡು ಗಂಟೆ. ಅದರ ಸಿದ್ಧತೆ ನಾಲ್ಕು ತಿಂಗಳು. ಹೃದಯ, ಶ್ವಾಸಕೋಶ, ಯಕೃತ್ತುಗಳ ಪರೀಕ್ಷೆ, ಜಠರದೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆ, ನಿದ್ರೆಯ ಪರೀಕ್ಷೆ, ರಕ್ತದಲ್ಲಿನ ಜೀವಸತ್ವಗಳ ಪರೀಕ್ಷೆ ಇವೆಲ್ಲ ಆದವು. ಮನೋವೈದ್ಯರೊಬ್ಬರು ಒಂದು ಗಂಟೆ ನಮ್ಮೊಡನೆ ಮಾತನಾಡಿದರು. ಸ್ವಾಮಿಗಳಿಗೆ ಮನೋವೈದ್ಯರೇಕೆ ಎಂದು ಜೊತೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ದುಃಖ ಬಂದಾಗ ಉಣ್ಣುವಿರೋ, ಸಂತೋಷದಲ್ಲಿ ಉಣ್ಣುವಿರೋ, ಯಾರಾದರೂ ಒತ್ತಾಯಿಸಿದಾಗ ಉಣ್ಣುವಿರೋ ಎಂದು ಆ ವೈದ್ಯರು ಕೇಳಿದರು. ಇವು ಆತ್ಮನಿರೀಕ್ಷಣೆಯ ಪ್ರಶ್ನೆಗಳೇ. ಯಾವ ಗುರುವೂ ಶಿಷ್ಯನಿಗೆ ಕೇಳತಕ್ಕವು. ತಂಬಾಕಿನ ಚಟವಿದ್ದವರು ಅದನ್ನು ಹಲವು ವಾರ ಮೊದಲೇ ಪೂರ್ಣವಾಗಿ ಬಿಡಬೇಕು. ಬಿಡದಿದ್ದರೆ ಗಾಯ ಮಾಯುವುದಿಲ್ಲ. ಕೊನೆಯ ಎರಡು ವಾರ ಹೆಚ್ಚಾಗಿ ದ್ರವಾಹಾರ. ಕೊಬ್ಬಿನಿಂದ ಉಬ್ಬಿದ ಯಕೃತ್ತು ಅದರಿಂದ ಕುಗ್ಗಿ, ಶಸ್ತ್ರವೈದ್ಯರಿಗೆ ಜಠರ ಸುಲಭವಾಗಿ ಕೈಗೆ ಸಿಗುತ್ತದೆ. ಮೆಲ್ಲಗೆ ಅಗಿಯುವುದನ್ನೂ ದಿನಾ ನಡೆಯುವುದನ್ನೂ ಆಗಲೇ ರೂಢಿಸಿಕೊಂಡವರಿಗೆ ಮುಂದಿನ ದಾರಿ ಹಗುರಾಗುತ್ತದೆ.

ಇಷ್ಟಲಿಂಗದ ವಿಷಯವನ್ನು ಅನೇಕರು ಸಂಕೋಚದಿಂದ ಕೇಳುತ್ತಾರೆ. ಶಸ್ತ್ರಕ್ರಿಯೆಯಲ್ಲಿ ವಿದ್ಯುತ್ತಿನ ಉಪಕರಣಗಳನ್ನು ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಸುಡುವ ಅಪಾಯವುಂಟು. ಆದ್ದರಿಂದ ಬೆಳ್ಳಿಯ ಕರಡಿಗೆಯನ್ನು ಮರಿದೇವರ ಕೈಗೆ ಕೊಟ್ಟೆವು. ಲಿಂಗವನ್ನು ಮಾತ್ರ ಶುದ್ಧಗೊಳಿಸಿದ ವಸ್ತ್ರದಲ್ಲಿ ಸುತ್ತಿ, ವೈದ್ಯರ ಒಪ್ಪಿಗೆ ಪಡೆದು ಎಡಮುಂಗೈಗೆ ಕಟ್ಟಿಕೊಂಡೆವು. ಎಲ್ಲ ಕಡೆಯೂ ಇದಕ್ಕೆ ಅವಕಾಶ ಸಿಗಲಾರದು. ಸಿಗದಿದ್ದಲ್ಲಿ ವೈದ್ಯರೊಡನೆ ವಾದಿಸಬಾರದು. ಲಿಂಗವನ್ನು ಮನೆಯವರ ಕೈಯಲ್ಲಿರಿಸಿ, ಉಸಿರಿನಲ್ಲಿ ನೆನೆದುಕೊಂಡು ಮಲಗಬೇಕು. ಪ್ರಾಣಲಿಂಗವನ್ನು ಯಾವ ಶಸ್ತ್ರವೂ ಅಗಲಿಸಲಾರದು.

ಚಿಕಿತ್ಸೆಯಾದ ದಿನವೇ ಸಂಜೆ ನಮ್ಮನ್ನು ಎಬ್ಬಿಸಿ ನಡೆಯಿಸಿದರು. ಕಾಲಿನ ರಕ್ತ ಹೆಪ್ಪುಗಟ್ಟದಂತೆ ಕಾಯುವ ಉಪಾಯವದು. ಮೊದಲ ದಿನಗಳಲ್ಲಿ ಗುಟುಕು ಗುಟುಕಾಗಿ ನೀರು, ತಿಳಿಸಾರು, ನೀರುಮಜ್ಜಿಗೆ. ಎರಡು ವಾರಗಳ ಬಳಿಕ ನುಣ್ಣಗೆ ಕಡೆದ ಬೇಳೆ. ಒಂದು ತಿಂಗಳ ಮೇಲೆ ಮೆತ್ತಗಿನ ನುಚ್ಚು, ಮೊಸರು. ಎರಡು ತಿಂಗಳಾದ ಮೇಲೆ ಚೂರು ರೊಟ್ಟಿ. ಈ ಕ್ರಮವನ್ನು ಮೀರುವುದು ಹೊಲಿಗೆಯ ಜೊತೆ ಚೆಲ್ಲಾಟವಾಡಿದಂತೆ. ಅಪಾಯಗಳು ವಿರಳವಾದರೂ ಇಲ್ಲವೆನ್ನಲಾಗದು. ಮೊದಲ ವಾರಗಳಲ್ಲಿ ಜ್ವರ, ನಾಡಿಯ ವೇಗ, ತಾಳಲಾರದ ಹೊಟ್ಟೆನೋವು, ನಿಲ್ಲದ ವಾಂತಿ ಕಂಡರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಬೇಕು.

ಇಲ್ಲಿಂದ ಮುಂದಿನದೇ ನಿಜವಾದ ಸಾಧನೆ. ಶಸ್ತ್ರವು ಜಠರವನ್ನು ಕಿರಿದು ಮಾಡುತ್ತದೆಯೇ ಹೊರತು ಆಶೆಯನ್ನಲ್ಲ. ಮೊದಲ ವರ್ಷದ ಜಾತ್ರೆಯಲ್ಲಿ ಗೋಧಿ ಹುಗ್ಗಿಯ ಕೊಪ್ಪರಿಗೆಗಳು ಕುದಿಯುತ್ತಿದ್ದಾಗ ನಮಗೆ ಹಸಿವು ಎಳ್ಳಷ್ಟೂ ಇರಲಿಲ್ಲ; ಆದರೆ ನಾಲಗೆಯ ನೆನಪು ಎಚ್ಚರಾಗಿಯೇ ಇತ್ತು. ಹಸಿವು ಬೇರೆ, ಚಪಲ ಬೇರೆ ಎಂದು ಪ್ರವಚನಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅವೆರಡೂ ಬೇರೆಬೇರೆಯಾಗಿ ನಿಂತದ್ದನ್ನು ನಮ್ಮ ದೇಹದಲ್ಲಿಯೇ ಕಂಡದ್ದು ಆ ದಿನ.

ಷಟ್‌ಸ್ಥಲ ಸಿದ್ಧಾಂತದಲ್ಲಿ ಮೂರನೆಯದು ಪ್ರಸಾದಿಸ್ಥಲ. ಅದಕ್ಕೆ ಹೇಳಿದ ಭಕ್ತಿ ಅವಧಾನಭಕ್ತಿ. ಲಿಂಗಕ್ಕೆ ಅರ್ಪಿತವಾಗುವ ಮೊದಲು ಪದಾರ್ಥ, ಅರ್ಪಿತವಾದ ಮೇಲೆ ಪ್ರಸಾದ. ಇವೆರಡರ ನಡುವೆ ಇರಬೇಕಾದದ್ದು ಎಚ್ಚರ. ಕೈಗೆತ್ತಿಕೊಂಡ ತುತ್ತು ಯಾವುದು, ಏತಕ್ಕಾಗಿ, ಎಷ್ಟು ಎಂಬ ಅರಿವು ಪ್ರತಿ ತುತ್ತಿಗೂ ಇರಬೇಕೆಂಬುದು ಅದರ ತಾತ್ಪರ್ಯ. ಈಗ ವೈದ್ಯರು ವಿಧಿಸುವ ನಿಯಮಗಳನ್ನು ನೋಡಿರಿ: ಸಣ್ಣ ತುತ್ತು, ಬಹಳ ಹೊತ್ತು ಅಗಿಯುವುದು, ಒಂದು ಊಟಕ್ಕೆ ಇಪ್ಪತ್ತು-ಮೂವತ್ತು ನಿಮಿಷ, ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆಯ ಬಳಿಕ ಕುಡಿಯುವುದು, ತೃಪ್ತಿಯ ಮೊದಲ ಸೂಚನೆ ಬಂದೊಡನೆ ಕೈ ತೊಳೆಯುವುದು. ಪ್ರಸಾದಿಯ ನಡೆಗೂ ಇದಕ್ಕೂ ನಮಗೆ ಹೆಚ್ಚಿನ ಅಂತರ ಕಾಣಲಿಲ್ಲ.

ಶಾಕಾಹಾರಿಗಳಾದ ನಮ್ಮವರು ಸಸಾರಜನಕದ ಕಡೆಗೆ, ಎಂದರೆ ಪ್ರೋಟೀನಿನ ಕಡೆಗೆ, ವಿಶೇಷ ಗಮನ ಕೊಡಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆನ್ನುತ್ತಾರೆ. ಅಂಗೈಯಷ್ಟು ಊಟದಲ್ಲಿ ಅದನ್ನು ತುಂಬಿಸುವುದು ಸುಲಭವಲ್ಲ. ಆದ್ದರಿಂದ ಎಡೆಯಲ್ಲಿ ಮೊದಲು ಉಣ್ಣಬೇಕಾದದ್ದು ಬೇಳೆ, ಹೆಸರುಕಾಳು, ಮಡಕಿಕಾಳು, ಮೊಸರು, ಪನೀರು, ಸೋಯಾ, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ರೊಟ್ಟಿ, ಅನ್ನ. ಹೋಳಿಗೆ, ಮಾದಲಿ, ಹುಗ್ಗಿಯಂತಹ ಸಿಹಿಗಳು, ಅದರಲ್ಲಿಯೂ ಬೈಪಾಸ್ ಆದವರಲ್ಲಿ, ಕರುಳಿಗೆ ಒಮ್ಮೆಲೇ ಇಳಿದು ಎದೆಬಡಿತ, ಬೆವರು, ತಲೆಸುತ್ತು, ಭೇದಿಗಳನ್ನು ತರುತ್ತವೆ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು. ಪೋಷಣೆ ಸರಿಯಿದ್ದರೆ ಮತ್ತೆ ಬರುತ್ತದೆ. ಹೆಣ್ಣುಮಕ್ಕಳು ಒಂದೂವರೆ ವರ್ಷದವರೆಗೆ ಗರ್ಭ ಧರಿಸದಿರುವುದು ತಾಯಿಗೂ ಮಗುವಿಗೂ ಕ್ಷೇಮ.

ಜೀವಸತ್ವಗಳ ಮಾತ್ರೆಗಳನ್ನು ಬದುಕಿರುವವರೆಗೂ ಬಿಡುವಂತಿಲ್ಲ. ಬಿ-12, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವಗಳು ಮುಖ್ಯವಾದವು. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿದ ಶಿಕ್ಷಕರೊಬ್ಬರು ನಮಗಿಂತ ಮೊದಲೇ ಈ ಚಿಕಿತ್ಸೆ ಪಡೆದಿದ್ದರು. ಮೂವತ್ತೈದು ಕಿಲೋ ಇಳಿದು ಮಧುಮೇಹವೂ ಹತೋಟಿಗೆ ಬಂದಾಗ, ಇನ್ನೇನು ಗುಣವಾಯಿತಲ್ಲ ಎಂದು ಮಾತ್ರೆಗಳನ್ನೂ ವರ್ಷದ ತಪಾಸಣೆಯನ್ನೂ ಕೈಬಿಟ್ಟರು. ಮೂರನೆಯ ವರ್ಷ ಅಂಗಾಲುಗಳು ಜೋಮು ಹಿಡಿದವು. ಕತ್ತಲಲ್ಲಿ ನಡೆದರೆ ತೂರಾಡುವಂತಾಯಿತು. ಬಿ-12ರ ಕೊರತೆಯಿಂದ ನರಗಳು ಕೆಟ್ಟಿದ್ದವು. ಚುಚ್ಚುಮದ್ದಿನಿಂದ ಬಹಳಷ್ಟು ಸುಧಾರಿಸಿದರೂ ಕಾಲಿನ ಜೋಮು ಪೂರ್ತಿ ಹೋಗಿಲ್ಲ. ನನ್ನ ಹೆಸರು ಬೇಡ, ನನ್ನ ಕತೆಯನ್ನು ಮಾತ್ರ ಬರೆಯಿರಿ ಎಂದು ಅವರೇ ನಮ್ಮಲ್ಲಿ ಬಿನ್ನವಿಸಿಕೊಂಡದ್ದರಿಂದ ಇಲ್ಲಿ ಬರೆದಿದ್ದೇವೆ.

ನಮ್ಮ ತೂಕ ಒಂದು ವರ್ಷಕ್ಕೆ 86ಕ್ಕೆ ಇಳಿದು ಈಗ 88ರಲ್ಲಿ ನಿಂತಿದೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಪದ್ಮಾಸನ ಮುಕ್ಕಾಲು ಗಂಟೆ ನಿಲ್ಲುತ್ತದೆ. ಎರಡು ಕಿಲೋ ಮರಳಿ ಬಂದದ್ದನ್ನೂ ಮುಚ್ಚಿಡುವುದಿಲ್ಲ. ಕೆಲವರಲ್ಲಿ ಇದಕ್ಕಿಂತ ಹೆಚ್ಚು ಮರಳುತ್ತದೆ. ಹಾಗಾದಾಗ ನಾಚಿಕೊಂಡು ವೈದ್ಯರಿಂದ ದೂರವಾಗಬಾರದು, ಆಗಲೇ ಹೋಗಬೇಕು. ಮೈ ಇಳಿದರೂ ಮನಸ್ಸು ಕುಗ್ಗಿದೆಯೆನಿಸಿದರೆ ಅದನ್ನೂ ಹೇಳಿಕೊಳ್ಳಬೇಕು.

ಎರಡು ಮಾತುಗಳನ್ನು ಶ್ರೀಮಠದ ಅಪ್ಪಣೆಯೆಂದೇ ತಿಳಿಯಿರಿ. ಈ ಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಶಿವರಾತ್ರಿಗಾಗಲಿ ಶ್ರಾವಣ ಸೋಮವಾರಕ್ಕಾಗಲಿ ನಿರಾಹಾರ ಉಪವಾಸ ಹಿಡಿಯಬಾರದು. ನೀರನ್ನಂತೂ ಬಿಡಲೇಬಾರದು. ಜಾಗರಣೆಯೂ ಜಪವೂ ಸಾಕು, ವ್ರತಕ್ಕೆ ಊನವಿಲ್ಲ.

ಎರಡನೆಯದು ಬಡಿಸುವವರಿಗೆ. ಪ್ರಸಾದವನ್ನು ಎಡೆಯಲ್ಲಿ ಬಿಡಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಅದು ಬಡಿಸಿದ್ದನ್ನೆಲ್ಲ ಹೊಟ್ಟೆಗೆ ತುರುಕಬೇಕೆಂಬ ಕಟ್ಟಳೆಯಲ್ಲ. ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬ ಕಟ್ಟಳೆ. ‘ಇನ್ನೊಂದು ಸೌಟು, ಅಜ್ಜಾರ ಆಣೆ’ ಎಂದು ಒತ್ತಾಯಿಸುವುದು ಪ್ರೀತಿಯಿಂದಲೇ ಹುಟ್ಟಿದ್ದು, ಬಲ್ಲೆವು. ಆದರೆ ಕಿರಿದಾದ ಜಠರದವನಿಗೆ ಆ ಒಂದು ಸೌಟು ರಾತ್ರಿಯೆಲ್ಲ ಸಂಕಟ. ಬರುವ ಜಾತ್ರೆಯಿಂದ ಶ್ರೀಮಠದ ದಾಸೋಹದಲ್ಲಿ ಚಿಕ್ಕ ಬಟ್ಟಲಿನ ಎಡೆಯೊಂದನ್ನು ಬೇರೆಯಾಗಿ ಇರಿಸಲಾಗುವುದು. ಬೇಕಾದವರು ಕಾರಣ ಹೇಳದೆ ಕೇಳಿ ಪಡೆಯಬಹುದು. ಬಡಿಸುವವರು ಕಾರಣ ಕೇಳದೆ ಕೊಡತಕ್ಕದ್ದು. ಸಾಕೆಂದು ಕೈ ಅಡ್ಡ ಹಿಡಿದವರ ಎಡೆಗೆ ಸೌಟು ಬಾಗಿಸದಿರುವುದೂ ದಾಸೋಹವೇ.