ಕಾಲಾಕಾಂಕರದ ಗಂಗಾತೀರದಲ್ಲಿ

ಪ್ರಯಾಗದ ಸಂಗಮದಿಂದ ಗಂಗೆಯ ಹರಿವಿಗೆ ಎದುರಾಗಿ ವಾಯವ್ಯಕ್ಕೆ ಸಾಗಿದರೆ ಪ್ರತಾಪಗಢ ಜಿಲ್ಲೆಯ ಕಾಲಾಕಾಂಕರವೆಂಬ ಊರು ದೊರೆಯುತ್ತದೆ. ಕಾಶಿಯ ಜಂಗಮವಾಡಿ ಮಠದಲ್ಲಿ ಅಧ್ಯಯನ ಮಾಡುತ್ತಿದ್ದಾಗಲೇ ನಾವು ಈ ಹೆಸರನ್ನು ಕೇಳಿದ್ದೆವು. ಹಿಂದೀ ಕವಿ ಸುಮಿತ್ರಾನಂದನ ಪಂತರು ಕೆಲವು ಕಾಲ ಇಲ್ಲಿ ನೆಲೆಸಿದ್ದರು. ಆದರೆ ಈ ಸಲದ ಯಾತ್ರೆಯಲ್ಲಿ ನಮ್ಮನ್ನು ಇಲ್ಲಿಗೆ ಕರೆತಂದದ್ದು ಕವಿಯ ನೆನಪಲ್ಲ, ಓರ್ವ ಮಗಳ ವೃತ್ತಾಂತ.

ನದಿಯ ಅಂಚಿನಲ್ಲಿಯೇ ಹಳೆಯ ಅರಮನೆ. ಈ ಮನೆತನದ ಬ್ರಜೇಶ ಸಿಂಹರು 1966ರ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಅದೇ ಡಿಸೆಂಬರಿನಲ್ಲಿ ಇಲ್ಲಿಗೆ ತಂದವಳು ಸ್ವೆತ್ಲಾನಾ. ಅವರಿಬ್ಬರ ವಿವಾಹಕ್ಕೆ ಅಲ್ಲಿಯ ಸರಕಾರ ಒಪ್ಪಿಗೆ ಕೊಟ್ಟಿರಲಿಲ್ಲ. ಭೂಸಮಾಧಿಯೇ ನಮ್ಮ ಕ್ರಮವಾದುದರಿಂದ ಭಸ್ಮವನ್ನು ನದಿಗೆ ಬಿಡುವ ವಿಧಿ ನಮಗೆ ಹೊರಗಿನದು. ಆದರೂ ಅಷ್ಟು ದೂರ ಬಂದ ಅವಳ ನಿಷ್ಠೆಗೆ ಕೈಮುಗಿಯಬೇಕೆನಿಸಿತು.

ಈಕೆಯ ತಂದೆ ಸ್ಟಾಲಿನ್. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆಗಳ ಸರ್ವೋಚ್ಚ ದಂಡನಾಯಕ. 1945ರಲ್ಲಿ ಜನರಲಿಸಿಮೋ ಎಂಬ ಪರಮ ಸೇನಾಪದವಿಯನ್ನು ಪಡೆದಾತ. ಲೋಕವೇ ನಡುಗುವ ಈತ ಮನೆಯಲ್ಲಿ ಪುಟ್ಟ ಮಗಳ ಆಜ್ಞಾಧಾರಕನಂತೆ ಆಡುತ್ತಿದ್ದ. ಅವಳು ಚೀಟಿಯಲ್ಲಿ ‘ಅಪ್ಪಣೆ’ ಬರೆಯುವಳು. ತಂದೆ ತಾನು ಅವಳ ಕಾರ್ಯದರ್ಶಿಯೆಂದು ಕೆಳಗೆ ರುಜು ಹಾಕುವನು.

ಅಂಥ ಅಕ್ಕರೆಯ ಮನೆಯಲ್ಲಿಯೇ ಒಂದು ಮಾತು ಹೂತುಹೋಗಿತ್ತು. 1932ರ ನವೆಂಬರಿನಲ್ಲಿ ತಾಯಿ ನಾದೆಝ್ದಾ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟಳು. ಆರು ವರ್ಷದ ಮಗುವಿಗೆ ಕಾಯಿಲೆಯೆಂದು ಹೇಳಿದರು. ಮಕ್ಕಳು ನೊಂದಾರೆಂದು ಮುಚ್ಚಿಡುವುದು ನಮ್ಮ ಮನೆಗಳಲ್ಲಿಯೂ ಉಂಟಷ್ಟೆ. ಇಲ್ಲಿಯಾದರೋ ಮಗು ಬೆಳೆದು ದೊಡ್ಡವಳಾದರೂ ಯಾರೂ ಬಾಯಿ ಬಿಡಲಿಲ್ಲ. ಸುಮಾರು ಹತ್ತು ವರ್ಷಗಳ ಮೇಲೆ, ಯುದ್ಧದ ನಡುವೆ, ಇಂಗ್ಲಿಷ್ ಅಭ್ಯಾಸಕ್ಕೆಂದು ವಿದೇಶೀ ಪತ್ರಿಕೆಯೊಂದನ್ನು ಓದುತ್ತಿದ್ದಾಗ ತಾಯಿಯ ಸಾವಿನ ನಿಜ ಅವಳ ಕಣ್ಣಿಗೆ ಬಿತ್ತು. ಪರದೇಶದವರು ಬಲ್ಲದ್ದನ್ನು ಹೊಟ್ಟೆಯ ಮಗಳು ಬಲ್ಲವಳಾಗಿರಲಿಲ್ಲ!

ಅಲ್ಲಿಂದ ಬಿರುಕು ಬೆಳೆಯಿತು. 1943ರಲ್ಲಿ ಅವಳು ಮೆಚ್ಚಿದ ಚಲನಚಿತ್ರ ಲೇಖಕ ಕಾಪ್ಲೆರ್ ಬ್ರಿಟಿಷರ ಗೂಢಚಾರನೆಂಬ ಆಪಾದನೆಯಿಂದ ಸೆರೆಯಾದ. ತಂದೆ ಮಗಳ ಕೆನ್ನೆಗೆ ಹೊಡೆದ. 1948ರಲ್ಲಿ ದೊಡ್ಡಮ್ಮ ಆನ್ನಾಳ ಬಂಧನ. ಏಕೆಂದು ಕೇಳಿದ್ದಕ್ಕೆ, ಅಂಥವರಿಗೆ ಬಹಳ ಗೊತ್ತಿತ್ತು, ಬಹಳ ಮಾತನಾಡಿದರು ಎಂಬುದೇ ತಂದೆಯ ಉತ್ತರ. ಆತ 1953ರಲ್ಲಿ ಗತಿಸಿದ. 1957ರಲ್ಲಿ ಅವಳು ತಂದೆಯ ಹೆಸರನ್ನು ಬಿಟ್ಟು, ತಾಯಿಯ ಕುಲನಾಮ ಅಲಿಲುಯೇವಾ ಎಂಬುದನ್ನು ಧರಿಸಿದಳು. ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ಬಳಿಕ ಪತ್ರರೂಪದ ಪುಸ್ತಕದಲ್ಲಿ ಬರೆದಿಟ್ಟಳು.

ಈ ತೀರದಲ್ಲಿ ಬ್ರಜೇಶರ ಸಹೋದರನ ಮನೆಯಲ್ಲಿ ಅವಳು ವಾರಗಟ್ಟಲೆ ತಂಗಿದ್ದಳು. ಇಲ್ಲಿಯೇ ಉಳಿಯಬೇಕೆಂಬ ಆಸೆ ಇತ್ತು; ಸೋವಿಯತ್ ಅಧಿಕಾರಿಗಳು ಹಿಂದಿರುಗೆಂದರು, ನಮ್ಮ ಸರಕಾರವೂ ಆಸರೆ ಕೊಡಲಿಲ್ಲ. 1967ರ ಮಾರ್ಚ್ 6ರಂದು ದೆಹಲಿಯ ಅಮೆರಿಕದ ರಾಯಭಾರ ಕಚೇರಿಯ ಬಾಗಿಲು ತಟ್ಟಿದಳು. ಆ ಪುಸ್ತಕದಿಂದ ಬಂದ ಹಣದಲ್ಲಿ ಒಂದು ಪಾಲನ್ನು ಈ ಊರಿನಲ್ಲಿ ಬ್ರಜೇಶರ ಹೆಸರಿನ ಆಸ್ಪತ್ರೆಗೆ ಕೊಟ್ಟಳು.

ಮೆಟ್ಟಿಲ ಮೇಲೆ ಕುಳಿತು ಲಿಂಗಪೂಜೆ ಮುಗಿಸಿದಾಗ ಹೊಳೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಇದೇ ನೀರನ್ನು ನೋಡುತ್ತ ಅವಳು ಎಣಿಸಿದ್ದೇನೋ! ಮಾಸ್ಕೋದಲ್ಲಿ ತಾಯಿಯ ದಾರಿ ಕಾಯುತ್ತ ಮಗನಿದ್ದ, ಹದಿನಾರರ ಮಗಳಿದ್ದಳು. 1984ರಲ್ಲಿ ಅವಳು ಸ್ವದೇಶಕ್ಕೆ ಮರಳಿದಳು. ಆಗ ದೂರದ ಕಮ್ಚಾತ್ಕಾದಲ್ಲಿ ಜ್ವಾಲಾಮುಖಿಗಳ ಅಧ್ಯಯನದಲ್ಲಿದ್ದ ಆ ಮಗಳು ತಾಯಿಯನ್ನು ಕಾಣಲು ಬರಲಿಲ್ಲ.