ಒಂದೇ ಎಳೆತದ ತಂತಿ

ಮಳೆಗಾಲದ ಹಲಸಿಯಲ್ಲಿ ನೈಲಾನ್ ದಾರ ನಂಬಿ ಅಳತೆ ಹಿಡಿಯುವ ಹಾಗಿಲ್ಲ. ಖಾನಾಪುರದ ಕಾಡಿನ ತೇವವನ್ನೆಲ್ಲ ಹೀರಿ ಅದು ಉದ್ದವಾಗುತ್ತದೆ, ಬಿಸಿಲು ಬಿದ್ದರೆ ಮೊಟಕಾಗುತ್ತದೆ. ಮೀನು ಹಿಡಿಯುವವರಿಗೆ ಅದರಿಂದ ತೊಂದರೆಯಿಲ್ಲ, ನನ್ನ ಲೇಥಿಗೆ ಇದೆ.

ಹಿತ್ತಿಲ ಶೆಡ್ಡಿನ ಈ ಹಳೇ ಲೇಥಿಗೆ ಡಿಆರ್‌ಒ (ಉಳಿ ಹೊತ್ತ ಕ್ಯಾರೇಜು ಎಷ್ಟು ಸರಿಯಿತೆಂದು ಅಂಕಿಯಲ್ಲಿ ತೋರಿಸುವ ಸಾಧನ) ನಾನೇ ಕಟ್ಟಿಕೊಂಡದ್ದು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಇದಕ್ಕೆ ಗಾಜಿನ ಸ್ಕೇಲು ಕೂಡಿಸುತ್ತಾರೆ. ನನ್ನದರಲ್ಲಿ ಕ್ಯಾರೇಜಿಗೆ ಕಟ್ಟಿದ ತಂತಿ ಪುಲ್ಲಿಯನ್ನು ಒಂದು ಸುತ್ತು ಸುತ್ತಿ ಎನ್‌ಕೋಡರನ್ನು ತಿರುಗಿಸುತ್ತದೆ. ಸುತ್ತಿಗೆ 600 ಪಲ್ಸಿನ ಎನ್‌ಕೋಡರಿನಲ್ಲಿ ಎರಡೂ ಚಾನೆಲ್ಲಿನ ಏರಿಳಿತ ಎಣಿಸಿದರೆ 2400 ಸಿಗುತ್ತದೆ. ಪುಲ್ಲಿಯ ಸುತ್ತಳತೆ 60 ಮಿ.ಮೀ. ಇಟ್ಟರೆ ಒಂದು ಎಣಿಕೆಗೆ 0.025 ಮಿ.ಮೀ. ಈ ಸುತ್ತಳತೆಯನ್ನು ತಂತಿಯ ನಟ್ಟನಡುವಿನಿಂದ ಲೆಕ್ಕ ಹಾಕಬೇಕು. ಅರ್ಧ ಮಿ.ಮೀ. ತಂತಿಯಾದರೆ ಗ್ರೂವಿನ ತಳ 18.6 ಮಿ.ಮೀ. ವ್ಯಾಸಕ್ಕೆ ಬರಬೇಕು. ಆ ಪುಲ್ಲಿಯನ್ನು ಅದೇ ಲೇಥಿನಲ್ಲಿ ಕಡೆಯುವಾಗಿನ ಖುಷಿಯೇ ಬೇರೆ.

ಆದರೆ ನನ್ನ ಮನಸ್ಸು ಸೋತದ್ದು ತಂತಿಗೆ. ಸಿತಾರಿನ ಉಕ್ಕಿನ ತಂತಿ ನೋಡಲು ಎಷ್ಟು ಚೆಂದ! ಒಂಟಿ ಎಳೆ, ನುಣುಪು, ಹೆಚ್ಚು ಹಿಗ್ಗುವುದಿಲ್ಲ. ಇಷ್ಟು ಚಿಕ್ಕ ಪುಲ್ಲಿಗೆ ಸುತ್ತಿದರೆ ಮಾತ್ರ ಸುರುಳಿಗಟ್ಟಿ, ಮತ್ತೆ ನೇರವಾಗಲು ಒಪ್ಪುವುದಿಲ್ಲ. ಸೈಕಲ್ಲಿನ ಬ್ರೇಕ್ ಕೇಬಲ್ ಇನ್ನೂ ಒರಟು. ಹೆಣೆದ ಡೈನೀಮಾ ದಾರ ರೇಷ್ಮೆಯಂತೆ ಬಾಗುತ್ತದೆ, ನೀರನ್ನೂ ಕುಡಿಯುವುದಿಲ್ಲ. ಹಗಲೂ ರಾತ್ರಿ ಬಿಗಿಯಲ್ಲೇ ಇಟ್ಟರೆ ಮೆಲ್ಲಗೆ ಬೆಳೆಯುತ್ತ ಹೋಗುವುದೊಂದೇ ಅದರ ಐಬು.

ನಾನು ಮೆಚ್ಚಿದ್ದು ಏಳೇಳು ಎಳೆಯ ಏಳು ಹುರಿಗಳನ್ನು ಹೊಸೆದ ಸ್ಟೇನ್‌ಲೆಸ್ ತಂತಿ. ಅರ್ಧ ಮಿ.ಮೀ. ದಪ್ಪದೊಳಗೆ 49 ಎಳೆ. ಒಂದೊಂದೂ ಕೂದಲಿನಷ್ಟು ಸಪೂರ, ಹಾಗಾಗಿ ಪುಲ್ಲಿಯ ಮೇಲೆ ಬಾಗಿದರೂ ಯಾವ ಎಳೆಗೂ ದಣಿವಿಲ್ಲ. ತುದಿ ಕತ್ತರಿಸುವ ಮೊದಲು ಬೆಸುಗೆ ಹಾಕದಿದ್ದರೆ ಅಷ್ಟೂ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತವೆ.

ಈ ತಂತಿಯೂ ಹಿಗ್ಗುತ್ತದೆ ಅನ್ನಿ. ಒಂದು ಮೀಟರಿಗೆ ನೂರು ಗ್ರಾಮಿನಷ್ಟು ಎಳೆತ ಹೆಚ್ಚಿದರೆ ಸುಮಾರು 0.1 ಮಿ.ಮೀ., ಅಂದರೆ ನಾಲ್ಕು ಎಣಿಕೆ. ತಂತಿಯ ಇನ್ನೊಂದು ತುದಿಯನ್ನು ಬಿಗಿಯಾಗಿಡಲು ಸಾದಾ ಸ್ಪ್ರಿಂಗು ಕಟ್ಟಿದರೆ ಅದು ಇಲ್ಲೇ ಕೈಕೊಡುತ್ತದೆ. ಎಳೆದಷ್ಟೂ ಅದು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ತಂತಿ ಹಿಗ್ಗುತ್ತದೆ. ಅದರ ಬದಲು ತುದಿಗೊಂದು ತೂಕ ಇಳಿಬಿಟ್ಟರೆ ಕ್ಯಾರೇಜು ಎಲ್ಲಿದ್ದರೂ ಎಳೆತ ಒಂದೇ. ಮೊದಲೇ ಹಿಗ್ಗಿದ ತಂತಿ ಅಷ್ಟಕ್ಕೇ ನಿಲ್ಲುತ್ತದೆ, ಓದು ಕೆಡುವುದಿಲ್ಲ. ಹಿಗ್ಗದ ದಾರ ಹುಡುಕುತ್ತ ಅಂಗಡಿ ಅಂಗಡಿ ಅಲೆಯುವವರಿಗೆಲ್ಲ ನಾನು ಮೊದಲು ಹೇಳುವುದು ಈ ತೂಕದ ವಿಷಯವನ್ನೇ. ಅದು ತೂಗಾಡದಂತೆ ಪಿವಿಸಿ ಪೈಪಿನೊಳಗೆ ಇಳಿಬಿಡಬೇಕು.

ಇನ್ನು ಉಳಿಯುವುದು ಎನ್‌ಕೋಡರಿನ ಬೇರಿಂಗಿನ ತಿಕ್ಕಾಟ. ಕ್ಯಾರೇಜು ದಿಕ್ಕು ಬದಲಿಸಿದಾಗ ಅಷ್ಟರಮಟ್ಟಿಗೆ ಎಳೆತ ಹೆಚ್ಚುಕಡಿಮೆ ಆಗುತ್ತದೆ. ಡಯಲ್ ಗೇಜು ಇಟ್ಟು, ಒಂದೇ ಜಾಗಕ್ಕೆ ಎಡದಿಂದಲೂ ಬಲದಿಂದಲೂ ಬಂದು ನೋಡುತ್ತೇನೆ. ಎರಡು ಓದಿನ ನಡುವೆ ಒಂದು ಎಣಿಕೆಗಿಂತ ಹೆಚ್ಚು ವ್ಯತ್ಯಾಸ ಕಂಡರೆ ತೂಕ ಬದಲಿಸುವ ಗೋಜಿಗೆ ಹೋಗದೆ, ಹಗುರಾಗಿ ತಿರುಗುವ ಬೇರೆ ಎನ್‌ಕೋಡರು ಹುಡುಕುತ್ತೇನೆ.